ಮರಳಿ ಬಂದ ಓಲೆಗಳು

ಓಲೆಯನ್ನು ಬರೆಯುವುದು ಸುಲಭ. ಅದು ತಲುಪಬೇಕಾದವರಿಗೆ ತಲುಪಿತೆಂದು ನಿಶ್ಚಯಿಸುವುದು ಕಷ್ಟ. ವಿಳಾಸದಾರನು ಸಿಕ್ಕದಿದ್ದರೆ ಅಂಚೆಯವನು ಲಕೋಟೆಯ ಮೇಲೆ ಕಾರಣವನ್ನು ಬರೆದು ಹಿಂದಕ್ಕೆ ಕಳುಹಿಸುವನು. ಮಿಂಚಂಚೆಗೂ ಈ ಧರ್ಮವುಂಟು.

ತುಮಕೂರಿನ ಶಿರಾ ಗೇಟಿನಲ್ಲಿ ವಾಸಿಸುವ ನಾವು, ನಮ್ಮಂತೆಯೇ ನಿವೃತ್ತರಾದ ಉಪಾಧ್ಯಾಯರ ಬಳಗವೊಂದಕ್ಕಾಗಿ ಚಿಕ್ಕದೊಂದು ಮೇಲ್ ಸರ್ವರನ್ನು ನೋಡಿಕೊಂಡು ಬರುತ್ತಿರುವೆವು. 1982ರಲ್ಲಿ ಜಾನ್ ಪೋಸ್ಟೆಲ್ ಎಂಬವರು ಬರೆದ ನಿಯಮಾವಳಿಯೇ ಈ ವ್ಯವಹಾರಕ್ಕೆ ಇಂದಿಗೂ ತಳಹದಿ. ಅದರಂತೆ ಸ್ವೀಕರಿಸುವ ಸರ್ವರು ಮೂರಂಕೆಯ ಉತ್ತರವನ್ನು ಕೊಡುವುದು. ಮೊದಲ ಅಂಕೆ 4 ಆದರೆ ‘ಈಗ ಆಗದು, ಮತ್ತೆ ಬಾ’ ಎಂದರ್ಥ. ಕಳುಹಿಸುವ ಯಂತ್ರವು ಸಾಮಾನ್ಯವಾಗಿ ನಾಲ್ಕೈದು ದಿನ ಪ್ರಯತ್ನವನ್ನು ಬಿಡದು. 5 ಆದರೆ ಆಸೆಯೇ ಇಲ್ಲ. ಆಗ ಬರೆದವನಿಗೆ ಮರಳಿ ಬರುವ ಸಮಾಚಾರವೇ ಬೌನ್ಸ್. ಬೌನ್ಸ್ ಓಲೆಗೆ ಮರಳುವ ವಿಳಾಸವನ್ನು ಬರಿದಾಗಿ ಬಿಡತಕ್ಕದ್ದು. ಇಲ್ಲವಾದರೆ ಬೌನ್ಸಿಗೆ ಬೌನ್ಸ್ ಹುಟ್ಟಿ ನಮ್ಮ ತರ್ಕಶಾಸ್ತ್ರದವರು ಹೇಳುವ ಅನವಸ್ಥಾದೋಷವು ಒದಗುವುದು.

ಹೋದ ಕಾರ್ತಿಕದಲ್ಲಿ ಒಂದು ಬೆಳಗ್ಗೆ ನೂರಾರು ಬೌನ್ಸ್ ಓಲೆಗಳು ಬಂದು ಬಿದ್ದವು. ಮೂಲದ ಓಲೆಗಳನ್ನು ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ಯಾರೋ ದುರುಳರು ಕಳುಹಿಸಿದವರ ಸ್ಥಾನದಲ್ಲಿ ನಮ್ಮ ಬಳಗದ ವಿಳಾಸವನ್ನಿಟ್ಟು, ಪಿಂಚಣಿ ನಿಂತುಹೋಗುವುದೆಂದು ಹೆದರಿಸಿ, ಬ್ಯಾಂಕಿನ ಗುಟ್ಟುಗಳನ್ನು ಕೇಳಿದ್ದರು. ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಡಿರೆಂದು ಮಿತ್ರರು ಹೇಳಿದರು. ನಾವು ಒಂದೊಂದನ್ನಾಗಿ ನೋಡಿದೆವು. ಆ ರಾಶಿಯೊಳಗೆ ನಿಜವಾದ ಬೌನ್ಸ್ ಒಂದಿದ್ದಿತು. ಗುಬ್ಬಿಯಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಶಸ್ತ್ರಚಿಕಿತ್ಸೆಗೆ ಬಳಗವು ಹಣ ಕೂಡಿಸಿದೆಯೆಂದು ತಿಳಿಸಿದ ಓಲೆಯು, ಅವರ ಪೆಟ್ಟಿಗೆ ತುಂಬಿದ್ದುದರಿಂದ ಮರಳಿತ್ತು. ಅವರು ಹಣವಿಲ್ಲವೆಂದು ಚಿಕಿತ್ಸೆಯನ್ನೇ ಮುಂದಕ್ಕೆ ಹಾಕುವವರಿದ್ದರು. ಅಂದೇ ಬಸ್ಸು ಹತ್ತಿ ಹೋಗಿ ಬಾಯಿಮಾತಿನಿಂದ ತಿಳಿಸಿದೆವು.

ಬಳಿಕ ಮೂರು ಕಟ್ಟುಪಾಡುಗಳನ್ನು ಮಾಡಿದೆವು. ನಮ್ಮ ಹೆಸರಿನಲ್ಲಿ ಯಾವ ಸರ್ವರು ಓಲೆ ಕಳುಹಿಸಬಹುದೆಂದು ಸಾರುವುದು ಎಸ್‌ಪಿಎಫ್. ಹನುಮಂತನ ಕೈಯ ಮುದ್ರೆಯುಂಗುರದಂತೆ ಪ್ರತಿ ಓಲೆಗೂ ಗುರುತನ್ನು ಕೊಡುವುದು ಡಿಕಿಮ್. ಇವುಗಳ ಪರೀಕ್ಷೆಯಲ್ಲಿ ಸೋತುದನ್ನು ಏನು ಮಾಡಬೇಕೆಂದು ಪರರ ಸರ್ವರುಗಳಿಗೆ ತಿಳಿಸುವುದು ಡಿಮಾರ್ಕ್. ಇದಲ್ಲದೆ, ನಮ್ಮಲ್ಲಿ ಇಲ್ಲದವರ ಹೆಸರಿಗೆ ಬಂದ ಓಲೆಯನ್ನು ಬಾಗಿಲಿನಲ್ಲಿಯೇ ನಿರಾಕರಿಸುವಂತೆಯೂ ಏರ್ಪಡಿಸಿದೆವು. ಒಳಗೆ ತೆಗೆದುಕೊಂಡು ಆಮೇಲೆ ಹಿಂದಿರುಗಿಸಿದರೆ, ಕಳ್ಳನು ಯಾರ ವಿಳಾಸವನ್ನು ಕದ್ದಿರುವನೋ ಆ ನಿರಪರಾಧಿಯ ಮನೆಗೆ ನಾವೇ ಕಸವನ್ನು ಸುರಿದಂತಾಗುವುದು. ಈಗ ಅಂತಹ ಬೌನ್ಸುಗಳು ಬಹಳ ಕಡಿಮೆಯಾಗಿವೆ.

ಸ್ಪ್ಯಾಮಿನ ಪೀಡೆ ಹೊಸದಲ್ಲ. 1978ರ ಮೇ 3ರಂದು ಅಮೆರಿಕದ ಗ್ಯಾರಿ ಥರ್ಕ್ ಎಂಬವರು ತಮ್ಮ ಕಂಪೆನಿಯ ಗಣಕಯಂತ್ರಗಳ ಪ್ರಚಾರಕ್ಕಾಗಿ ಸುಮಾರು 400 ಮಂದಿಗೆ ಒಂದೇ ಓಲೆಯನ್ನು ಕಳುಹಿಸಿದರು. ಅದನ್ನೇ ಈ ಸಂತತಿಯ ಮೂಲಪುರುಷನೆಂದು ಎಣಿಸುವರು.

ಕನ್ನಡದಲ್ಲಿ ‘ಅಂಚೆ’ ಎಂಬ ಶಬ್ದಕ್ಕೆ ಹಂಸವೆಂಬ ಅರ್ಥವೂ ಉಂಟು. ಹಂಸವು ನೀರನ್ನು ಬಿಟ್ಟು ಹಾಲನ್ನು ಗ್ರಹಿಸುವುದೆಂಬ ಹಂಸಕ್ಷೀರನ್ಯಾಯವು ಪ್ರಸಿದ್ಧವಾದುದು. ಯಂತ್ರದ ಹಂಸವಾದರೋ ಒಮ್ಮೊಮ್ಮೆ ಹಾಲನ್ನೂ ನೀರಿನೊಡನೆ ಚೆಲ್ಲಿಬಿಡುವುದು. ಆದುದರಿಂದ ಗೃಹಸ್ಥರು ವಾರಕ್ಕೊಮ್ಮೆಯಾದರೂ ಸ್ಪ್ಯಾಮಿನ ಪೆಟ್ಟಿಗೆಯನ್ನು ಕಣ್ಣಾಡಿಸಿ ನೋಡತಕ್ಕದ್ದು. ಬೆದರಿಸಿ ಗುಟ್ಟು ಕೇಳುವ ಓಲೆಗೆ ಉತ್ತರ ಬರೆಯಕೂಡದು. ಹಣ ಹೋಗಿದ್ದರೆ ತಡಮಾಡದೆ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡತಕ್ಕದ್ದು. ಮುಖ್ಯವಾದ ಮಾತನ್ನು ಓಲೆಯಲ್ಲಿ ಬರೆದ ಮೇಲೆಯೂ, ತಲುಪಿತೇ ಎಂದು ಒಮ್ಮೆ ಕೇಳುವುದು ಒಳ್ಳೆಯದು.