ಗಡಿ ದಾಟದ ಊರು

ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳ ನಡುವಿನ ಈಮ್ ಹಳ್ಳಿಯ ಚರ್ಚಿನ ಅಂಗಳದಲ್ಲಿ ಕ್ಯಾಥರೀನ್ ಮಾಂಪೆಸ್ಸನ್ ಎಂಬಾಕೆಯ ಸಮಾಧಿಯಿದೆ. 1666ರ ಆಗಸ್ಟ್‌ನಲ್ಲಿ ಪ್ಲೇಗಿಗೆ ಬಲಿಯಾದ ಈಕೆ ಅಲ್ಲಿನ ಪಾದ್ರಿಯ ಮಡದಿ.

ಆ ಜೂನ್‌ನಲ್ಲೇ ಪಾದ್ರಿ ವಿಲಿಯಂ, ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯೊಡಗೂಡಿ ಜನರನ್ನು ಒಪ್ಪಿಸಿದ್ದರು: ನೆರೆಯೂರುಗಳು ಉಳಿಯಬೇಕಾದರೆ ನಾವು ಗಡಿ ದಾಟಬಾರದು. ಚರ್ಚಿನ ಬಾಗಿಲು ಮುಚ್ಚಿತು. ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. ಪಕ್ಕದ ಕಕ್ಲೆಟ್ ಡೆಲ್ಫ್ ಕಣಿವೆಯ ಬಯಲಿನಲ್ಲಿ ಒಂದೊಂದು ಮನೆಯವರೂ ದೂರದೂರ ನಿಂತು ಪ್ರಾರ್ಥಿಸಿದರು. ಗಡಿಗಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕಿದರೆ, ಹೊರಗಿನವರು ದಿನಸಿ ಇಟ್ಟು ಹೋಗುತ್ತಿದ್ದರು.

ಸತ್ತವರು ಸುಮಾರು 260 ಮಂದಿ. ಪ್ಲೇಗಿನ ರೋಗಾಣು ಪತ್ತೆಯಾದದ್ದು 1894ರಲ್ಲಿ. ವಿಜ್ಞಾನದ ಮೇಷ್ಟ್ರಾದ ನನಗೆ ಅಚ್ಚರಿ ಇಲ್ಲೇ: ರೋಗದ ಕಾರಣ ಗೊತ್ತಿಲ್ಲದೆಯೂ ಅವರು ಅಂತರ ಕಾಯ್ದುಕೊಂಡರು, ಒಬ್ಬರನ್ನೊಬ್ಬರು ಕೈಬಿಡಲೂ ಇಲ್ಲ. ಈಗಲೂ ಪ್ರತಿ ವರ್ಷ ಆಗಸ್ಟ್‌ನ ಕೊನೆಯ ಭಾನುವಾರ ಊರು ಅವರನ್ನು ನೆನೆದು ಪ್ರಾರ್ಥನೆಗೆ ಸೇರುತ್ತದೆ.