ಸಂತೆಯಲ್ಲಿ ಕಂಡ ಉಕ್ಕಿನ ಟೋಪಿ

ಮಗ ಪರದೇಶದಲ್ಲಿ ಓದುತ್ತಿದ್ದರೆ ತಾಯಿಯ ಪೆಟ್ಟಿಗೆಯಲ್ಲಿ ಏನಿರುತ್ತದೆಂದು ನಿಮಗೆ ಬೇರೆ ಹೇಳಬೇಕೆ? ಸಾರಿನ ಪುಡಿ, ಚಟ್ನಿಪುಡಿ, ಹುರಿದ ರವೆ, ಮೇಲೊಂದಿಷ್ಟು ಹಪ್ಪಳ. 2024ರ ಮೇ ತಿಂಗಳಲ್ಲಿ ಇಷ್ಟನ್ನೂ ಹೊತ್ತುಕೊಂಡು ನಾನು ಜರ್ಮನಿಯ ಡ್ರೆಸ್ಡೆನ್ ನಗರಕ್ಕೆ ಹೋದೆ. ಅಲ್ಲಿ ಹೋಗಿ ನೋಡಿದರೆ ನನ್ನ ಮಗನಿಗೆ ಹೊಸದೊಂದು ಹುಚ್ಚು ಹತ್ತಿತ್ತು. ಹಳೆಯ ಕಾಲದ ಜರ್ಮನ್ ಸೈನಿಕರ ಶಿರಸ್ತ್ರಾಣ ಕೂಡಿಹಾಕುವ ಹುಚ್ಚು!

"ಒಂದೇ ಒಂದು ಕೊಳ್ತೀನಮ್ಮಾ, ದುಡ್ಡು ಉಳಿಸಿಟ್ಟಿದೀನಿ" ಅಂದ. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ ದುಡ್ಡು. ನನಗೆ ಸಿಟ್ಟು ಬಾರದೆ ಇದ್ದೀತೆ? ಯುದ್ಧದಲ್ಲಿ ಯಾರೋ ಹಾಕಿಕೊಂಡಿದ್ದನ್ನು ಮನೆಯೊಳಗೆ ಇಡುವುದೆಂದರೇನು? "ನನ್ನ ಜೊತೆ ಬಂದು ನೋಡು, ಆಮೇಲೆ ಬೈ" ಎಂದು ಹೊರಡಿಸಿಯೇಬಿಟ್ಟ.

ಡ್ರೆಸ್ಡೆನ್ ಎಲ್ಬೆ ನದಿಯ ದಂಡೆಯ ಚೆಂದದ ಊರು. 1945ರ ಫೆಬ್ರವರಿ 13ರ ರಾತ್ರಿ ಶುರುವಾದ ಬಾಂಬಿನ ಮಳೆಗೆ ಊರಿನ ನಡುಭಾಗವೆಲ್ಲ ಸುಟ್ಟುಹೋಗಿ, ಸುಮಾರು 25,000 ಜನ ಸತ್ತರು. ಅಂದು ಕುಸಿದುಬಿದ್ದ ಫ್ರೌಯೆನ್‌ಕಿರ್ಖೆ ಎಂಬ ದೊಡ್ಡ ಇಗರ್ಜಿಯನ್ನು ಮತ್ತೆ ಕಟ್ಟಿ ಮುಗಿಸಿದ್ದು 2005ರಲ್ಲಿ. ಬಿಳಿಯ ಹೊಸ ಕಲ್ಲುಗಳ ನಡುವೆ ಹಳೆಯ ಕರಿಗಲ್ಲುಗಳು ಈಗಲೂ ಎದ್ದು ಕಾಣುತ್ತವೆ.

ಮೊದಲು ಸೈನ್ಯದ ವಸ್ತುಸಂಗ್ರಹಾಲಯಕ್ಕೆ ಹೋದೆವು. ಹಳೆಯ ಕಾಲದ ಆಯುಧಾಗಾರ ಅದು. 2011ರಲ್ಲಿ ಅದರ ಮುಖವನ್ನೇ ಸೀಳಿದ ಹಾಗೆ ಉಕ್ಕು ಗಾಜುಗಳ ದೊಡ್ಡ ಬೆಣೆಯೊಂದನ್ನು ಸೇರಿಸಿದ್ದಾರೆ. ನೆತ್ತಿಯ ಮೇಲೆ ಈಟಿಯಂತೆ ಮೊನೆಯಿರುವ ಟೋಪಿಯನ್ನು ನೀವೂ ಚಿತ್ರಗಳಲ್ಲಿ ಕಂಡಿರಬಹುದು. ಅದರ ಹೆಸರು ಪಿಕೆಲ್‌ಹೌಬೆ. ಪ್ರಷ್ಯಾದ ಸೈನ್ಯಕ್ಕೆ ಅದು ಬಂದದ್ದು 1842ರಲ್ಲಿ. ನೋಡಲು ಬಲು ಜೋರು. ಆದರೆ ಮಾಡಿದ್ದು ಬರೀ ತೊಗಲಿನಿಂದ! 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಹುಡುಗರು ಇದನ್ನೇ ಹಾಕಿಕೊಂಡು ಹೋದರು. ಸಿಡಿಗುಂಡಿನ ಚೂರುಗಳಿಗೆ ತೊಗಲು ಯಾವ ಲೆಕ್ಕ?

ಆಗ ಆಗಸ್ಟ್ ಬಿಯರ್ ಎಂಬ ಶಸ್ತ್ರವೈದ್ಯರು, ತಲೆಗೆ ಪೆಟ್ಟಾದವರಲ್ಲಿ ಬಹಳ ಮಂದಿಗೆ ತಗುಲಿದ್ದು ಚಿಕ್ಕ ಚಿಕ್ಕ ಚೂರುಗಳೇ ಎಂದು ಕಂಡುಕೊಂಡರು. ಹ್ಯಾನೋವರ್‌ನ ಫ್ರೀಡ್ರಿಖ್ ಶ್ವೆರ್ಡ್ ಎಂಬ ಇಂಜಿನಿಯರು ಕಿವಿ, ಕತ್ತು ಮುಚ್ಚುವಂಥ ಉಕ್ಕಿನ ಟೋಪಿ ರೂಪಿಸಿದರು. 1916ರಲ್ಲಿ ವೆರ್ಡನ್ ಕಾಳಗದ ಹೊತ್ತಿಗೆ ಅದು ಸೈನಿಕರ ತಲೆಗೇರಿತು. ಅದರ ಎರಡು ಪಕ್ಕಕ್ಕೂ ಕೊಂಬಿನಂಥ ಗುಬಟುಗಳು; ಗಾಳಿಯಾಡಲು ಅವುಗಳಲ್ಲಿ ತೂತು. 1935ರಲ್ಲಿ ಹಗುರವಾದ ಇನ್ನೊಂದು ನಮೂನೆ ಬಂತು. ಎರಡನೆಯ ಮಹಾಯುದ್ಧದ ಸಿನಿಮಾಗಳಲ್ಲಿ ನಾವು ಕಾಣುವುದು ಇಂಥವನ್ನೇ.

ಶನಿವಾರ ಬೆಳಿಗ್ಗೆ ಆಲ್ಬರ್ಟ್ ಸೇತುವೆಯ ಹತ್ತಿರ ಹಳೆಯ ಸಾಮಾನಿನ ಸಂತೆ. ಪಿಂಗಾಣಿ ತಟ್ಟೆ, ಕಸೂತಿ ಬಟ್ಟೆ, ಮುರುಕು ಕುರ್ಚಿ, ಏನುಂಟು ಏನಿಲ್ಲ! ಒಬ್ಬ ಮುದುಕಪ್ಪನ ಮೇಜಿನ ಮೇಲೆ ನಾಲ್ಕು ಶಿರಸ್ತ್ರಾಣಗಳಿದ್ದವು. ಒಂದರ ಪಕ್ಕಕ್ಕೆ ಕಾಗದ ಅಂಟಿಸಿತ್ತು. ಹಿಟ್ಲರನ ಕಾಲದ ಗುರುತುಗಳನ್ನು ಎಲ್ಲರಿಗೂ ಕಾಣುವಂತೆ ಇಡುವುದು ಅಲ್ಲಿ ಅಪರಾಧವಂತೆ, ಅದಕ್ಕೇ ಮುಚ್ಚಿದ್ದಾರೆ. ಇದರಲ್ಲೂ ನಕಲಿ ಬಹಳ. ಹೊಸದಕ್ಕೆ ತುಕ್ಕು ಹಿಡಿಸಿ ಹಳೆಯದೆಂದು ಮಾರುವವರುಂಟು. ಬಲ್ಲವರು ಒಳಗಿನ ಮುದ್ರೆ, ತೊಗಲು, ಬಣ್ಣ ಎಲ್ಲ ಪರೀಕ್ಷಿಸಿಯೇ ಕೊಳ್ಳುತ್ತಾರೆ.

ಮಗ ಒಂದನ್ನು ತೆಗೆದು ನನ್ನ ಕೈಗಿಟ್ಟ. ಅಬ್ಬ, ಏನು ಭಾರ! ಒಳಗೆ ಬೆವರಿಗೆ ಕಪ್ಪಾದ ತೊಗಲಿನ ಪಟ್ಟಿ. ಅದರ ಮೇಲೆ ಶಾಯಿಯಲ್ಲಿ ಬರೆದ, ಅರ್ಧ ಅಳಿಸಿದ ಹೆಸರು. ಶಾಲೆಗೆ ಹೋಗುವಾಗ ನಾನು ಇವನ ಊಟದ ಡಬ್ಬಿಯ ಮೇಲೆ ಹೆಸರು ಬರೆಸಿದ್ದು ನೆನಪಾಯಿತು.

"ಈ ಹುಡುಗ ಮನೆಗೆ ಬಂದನೇನೋ?" ಅಂದೆ.

ಮಗ ಕೇಳಿದ. ಮುದುಕಪ್ಪ ತಲೆಯಾಡಿಸಿದರು, ಅವರಿಗೂ ಗೊತ್ತಿಲ್ಲ. ಮಗ ಏನೂ ಹೇಳದೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಅಷ್ಟರಲ್ಲಿ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿ ಇನ್ನೊಂದು ಕಂಡಿತು. ಅದೇ ಆಕಾರ, ಆದರೆ ತಳದ ತುಂಬ ತೂತು, ಒಂದು ಪಕ್ಕಕ್ಕೆ ಉದ್ದನೆಯ ಹಿಡಿ! ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಪಾತ್ರೆಗೂ ಗತಿಯಿರಲಿಲ್ಲ. ಬಿದ್ದಿದ್ದ ಶಿರಸ್ತ್ರಾಣಗಳಿಗೇ ತೂತು ಕೊರೆದು ಬಸಿಯುವ ಪಾತ್ರೆ ಮಾಡಿದರು. ಕೆಲವು ಅಡುಗೆ ಪಾತ್ರೆಯೂ ಆದವು. ಮಕ್ಕಳಿಗೆ ಬೇಯಿಸಿದ ಆಲೂಗೆಡ್ಡೆಯ ನೀರನ್ನು ಯಾವ ತಾಯಿ ಇದರಲ್ಲಿ ಬಸಿದಳೋ!

"ತೂತು ಮಾಡಿ ಕೆಡಿಸಿದಾರೆ, ಇದಕ್ಕೆ ಆ ಬೆಲೆ ಬರಲ್ಲಮ್ಮ" ಅಂದ ಮಗ.

"ಕೆಡಿಸಿದ್ದಲ್ಲ ಕಣೋ, ನೆಟ್ಟಗೆ ಮಾಡಿದ್ದು. ಕೊಳ್ಳೋದಾದರೆ ಇದನ್ನು ಕೊಂಡುಕೋ" ಅಂದೆ.

ಹಳೆಯ ವಸ್ತು ಕೂಡಿಡುವವರನ್ನು ನಾನು ಈಗ ಹಳಿಯುವುದಿಲ್ಲ, ಅಕ್ಕತಂಗಿಯರೇ. ಅವರು ಇಟ್ಟಿದ್ದರಿಂದ ತಾನೇ ನಾನು ಕೈಯಾರೆ ಮುಟ್ಟಿ ತಿಳಿದದ್ದು? ಆದರೆ ಗೋಡೆಗೆ ತೂಗುಹಾಕಿ ಮೆರೆಸುವಾಗ ಒಳಗಿನ ಹೆಸರನ್ನೂ ಒಮ್ಮೆ ಓದಬೇಕು, ಅಷ್ಟೆ.

ಆ ಬಸಿಯುವ ಪಾತ್ರೆ ಈಗ ಮಗನ ಅಡುಗೆಮನೆಯಲ್ಲಿದೆ. ಅದರಲ್ಲಿ ಏನನ್ನೂ ಬಸಿಯಬೇಡ ಎಂದು ಹೇಳಿ ಬಂದಿದ್ದೇನೆ, ಹಳೆಯ ಬಣ್ಣ ನೋಡಿ. ಈರುಳ್ಳಿ ಹಾಕಿಟ್ಟುಕೊಂಡಿದ್ದಾನಂತೆ.