ಲಿಯೋನ್‌ದಾಗ ಕೂತು ಉಂಡ ಊಟ

ಫ್ರಾನ್ಸಿನ ಲಿಯೋನ್‌ದಾಗ ‘ಬೂಶೋಂ’ ಅಂತ ಸಣ್ಣ ಊಟದ ಮನಿ ಅದಾವ್ರಿ. ನಮ್ಮ ಕಡೆ ಖಾನಾವಳಿ ಇದ್ದಂಗ. ಇಕ್ಕಟ್ಟು ಜಾಗಾ, ಚೌಕಳಿ ಹಾಸು, ಮಗ್ಗಲದವರ ಮೊಣಕೈ ನಮಗ ತಾಗತಾವ. ನಾವು ನಾಲ್ಕು ಮಂದಿ ಗೆಳತ್ಯಾರು ಹೋಗಿದ್ವಿ. ಅಲ್ಲೆಲ್ಲಾ ಹಂದಿ, ಕರುಳು, ಮೀನಿನ ಕಡುಬು. ನಮ್ಮೊಳಗ ಹಿರಿಯಾಕಿ ಅಕ್ಕ ಮಾಂಸ ಮುಟ್ಟಂಗಿಲ್ಲ.

ಪಟ್ಟಿಯೊಳಗ ‘ಸೆರ್ವೆಲ್ ದ ಕಾನ್ಯು’ ಅಂತಿತ್ತು. ಅಂದ್ರ ರೇಷ್ಮಿ ನೇಕಾರನ ಮಿದುಳು! ಅಕ್ಕ ಹೌಹಾರಿದಳು. ಬಂದದ್ದು ನೋಡಿದ್ರ ನೀರು ಬಸಿದ ಮೊಸರಿನಂಥ ಹಸಿ ಚೀಸು. ಅದಕ್ಕ ಬೆಳ್ಳುಳ್ಳಿ, ಸಣ್ಣ ಉಳ್ಳಾಗಡ್ಡಿ, ಹಸರು ಸೊಪ್ಪು, ಎಣ್ಣಿ. “ಅಯ್ಯ, ಇದು ಮೊಸರು ಪಚಡಿ ಅಲ್ಲೇನ!” ಅಂದಳು.

ಅಕ್ಕ 40 ವರ್ಷ ಎಲ್ಲಾರಿಗೂ ಬಡಿಸಿ ಕಡೀಕ ಉಂಡಾಕಿ. ಇಲ್ಲೂ ಖಾಲಿ ತಾಟು ಎತ್ತಾಕ ಎರಡು ಸಲ ಎದ್ದಳು. ಬಡಿಸಾಕಿ ನಕ್ಕೋತ ಕೂಡ್ರಿಸಿದಳು.

ಈ ಊರಿನ ಅಡಗಿಗೆ ಹೆಸರು ತಂದವರು ‘ಮೇರ್’, ಅಂದ್ರ ಅವ್ವಂದಿರು. ಶ್ರೀಮಂತರ ಮನ್ಯಾಗ ಅಡಗಿ ಮಾಡ್ತಿದ್ದ ಹೆಣ್ಣಮಕ್ಕಳು ಹೊರಗ ಬಂದು ಸ್ವಂತ ಊಟದ ಮನಿ ತೆಗೆದ್ರು. ಯುಜೆನಿ ಬ್ರಾಜಿಯೇ 1921ರಾಗ ತೆಗೆದಾಕಿ. 1933ರಾಗ ಆಕಿಯ ಎರಡು ಹೋಟೆಲ್ಲಿಗೆ ಮೂರು-ಮೂರು ಮಿಷೆಲಿನ್ ಚಿಕ್ಕಿ ಬಂದುವು.

“ನಮ್ಮ ಕೈರುಚಿಗೆ ಯಾರು ಚಿಕ್ಕಿ ಕೊಟ್ಟಾರ?” ಅಂದಳು ಅಕ್ಕ. ನಾವು ಯಾರೂ ಮಾತಾಡಲಿಲ್ಲ. ಆಕಿ ಬ್ರೆಡ್ಡಿಗೆ ಇನ್ನಷ್ಟು ಪಚಡಿ ಹಚ್ಚಿಕೊಂಡಳು.

ಗಟ್ಟಿ ಮೊಸರು ಅರಿವ್ಯಾಗ ಕಟ್ಟಿ ನೀವೂ ಮಾಡಿ ನೋಡ್ರಿ. ಮಾಡಿದಾಕಿನ ಮೊದಲ ಉಣ್ರಿ.